ಟೈಲರ್ ಸಾಹೇಬರು ಹೊಲಿದ ಹರಿಗೋಲು

ಅವರು ಹೊಲಿದುಕೊಟ್ಟ ಅಂಗಿ ನನ್ನ ಮೈಗೆ ಸರಿಹೋಗುವಷ್ಟರಲ್ಲಿ ನನಗೆ ಮದುವೆಯಾಗಿ, ಎರಡು ಮಕ್ಕಳಾಗಿ, ಹೊಟ್ಟೆಯೂ ಬಂದಿತ್ತು. ಅಷ್ಟು ಹೊತ್ತಿಗೆ ಅಂಗಿಯ ಕಾಲರು ಪಿಸಿದುಹೋಗಿತ್ತು ಅನ್ನುವುದು ಬೇರೆ ಮಾತು. ನಾನು ಶಿರಾದ ಸ್ಕೂಲಿಗೆ ಮೇಷ್ಟ್ರಾಗಿ ಹೋದ ಹೊಸತು. ಕಡ್ಡಿಯಂತಿದ್ದ ನನಗೆ ಆ ಅಂಗಿ ತೊಡಿಸಿ, ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿ, "ಫಸ್ಟ್ ಕ್ಲಾಸ್!" ಎಂದರು.

"ಇದರೊಳಗೆ ಹೆಡ್ಮೇಷ್ಟ್ರೂ ಬಂದು ನಿಲ್ಲಬಹುದಲ್ಲ ಸಾಹೇಬರೇ" ಎಂದು ನಾನು ರೇಗಿದೆ.

"ಬೆಳೀತೀರಿ ಬುಡಿ ಮೇಷ್ಟ್ರೇ."

ಮೀಸೆ ಬಂದು, ನೌಕರಿ ಸಿಕ್ಕಿದ ಗಂಡಸು ಇನ್ನೆಲ್ಲಿ ಬೆಳೆಯುತ್ತಾನೆ ಸ್ವಾಮಿ? ಹಾಗೆಂದು ಕೇಳಿದರೆ, "ಎತ್ತರಕ್ಕಲ್ಲದಿದ್ರೆ ಅಗಲಕ್ಕೆ ಬೆಳೀತೀರಿ. ಖುದಾ ದೊಡ್ಡೋನು" ಎಂದು ಮಿಷನ್ನು ತುಳಿಯತೊಡಗಿದರು.

ಮೊನ್ನೆ ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಶಿರಾದ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿ, "ಸಾರ್, ಟೈಲರ್ ಸಾಬ್ರು ಹೋಗ್ಬುಟ್ರು" ಎಂದ. ಕೈಯಲ್ಲಿದ್ದ ಕಾಫಿಯನ್ನು ಅರ್ಧಕ್ಕೇ ಕೆಳಗಿಟ್ಟೆ. ಸಂಕಟವಾಯಿತು. ಅದಾದ ಸ್ವಲ್ಪ ಹೊತ್ತಿಗೆ, ಬಸ್ಸಿನ ಕಿಟಕಿ ಪಕ್ಕ ಕೂತು ಕೊರಟಗೆರೆ ಕಡೆಯ ಗುಡ್ಡಗಳನ್ನು ನೋಡುತ್ತಿದ್ದವನಿಗೆ ಇದ್ದಕ್ಕಿದ್ದಂತೆ ನಗು ಬಂತು. ಪಕ್ಕದಲ್ಲಿದ್ದ ಅಜ್ಜಿ ತನ್ನ ಗಂಟನ್ನು ಎಳೆದುಕೊಂಡು ಆಚೆ ಸರಿದು ಕೂತಳು. ಏನು ಮಾಡಲಿ, ಆ ಮನುಷ್ಯನನ್ನು ನೆನೆದರೆ ಆ ಗುಡ್ಡಗಳ ನಡುವಿನ ನೀರೂ ನೆನಪಾಗುತ್ತದೆ.

ಅವರ ಅಂಗಡಿ ನನ್ನ ಬಾಡಿಗೆ ರೂಮಿನ ಪಕ್ಕದಲ್ಲೇ ಇತ್ತು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಹೂವಿನ ಪರದೆ. ಕೊರಳಲ್ಲಿ ಟೇಪು, ತುಟಿಯ ನಡುವೆ ಗುಂಡುಸೂಜಿ, ತಲೆಗೆ ಬಿಳಿ ಟೋಪಿ. ಆ ಟೇಪು ನಮಾಜಿಗೆ ಹೋಗುವಾಗಲೂ ಕೊರಳಲ್ಲೇ ಇರುತ್ತಿತ್ತು. ಯಾರನ್ನೇ ನೋಡಲಿ, ಮುಖಕ್ಕಿಂತ ಮೊದಲು ಭುಜ ನೋಡುವರು. ತಾಲ್ಲೂಕಿನ ದೊಡ್ಡ ಅಧಿಕಾರಿಯೊಬ್ಬರು ಬೀದಿಯಲ್ಲಿ ಬಂದಾಗ ಊರೆಲ್ಲ ಎದ್ದು ಕೈ ಮುಗಿದರೆ ಇವರು ಮಾತ್ರ, "ಎಡಗಡೆ ಭುಜ ಒಂದಿಂಚು ಕೆಳಗದೆ ಪಾಪ" ಎಂದು ಮರುಗಿದ್ದರು.

ಹಬ್ಬದ ಬಟ್ಟೆಯನ್ನು ಅವರು ಹಬ್ಬಕ್ಕೆ ಕೊಟ್ಟಿದ್ದನ್ನು ಶಿರಾ ಕಂಡಿರಲಿಲ್ಲ. ದೀಪಾವಳಿಯ ಚಡ್ಡಿ ಸಂಕ್ರಾಂತಿಗೆ ಬರುತ್ತಿತ್ತು. ಬಾಯಿಗೆ ಬಂದಂತೆ ಬೈದವರಿಗೆ, "ಹಬ್ಬ ಎಲ್ಲೋಗ್ತದೆ ಯಜಮಾನ್ರೇ? ಮುಂದಿನ ವರ್ಷ ಬರಾಕಿಲ್ವಾ?" ಎನ್ನುವರು. ಆದರೂ ಜನ ಅವರ ಹತ್ತಿರವೇ ಹೋಗುತ್ತಿದ್ದರು. ಯಾಕೆಂದರೆ ಅವರ ಹೊಲಿಗೆ ಬಿಚ್ಚಿದ್ದನ್ನೂ ಯಾರೂ ಕಂಡಿರಲಿಲ್ಲ. ಎಲ್ಲಕ್ಕೂ ಡಬಲ್ ಹೊಲಿಗೆ. ಬಟ್ಟೆ ಹರಿದು ಚಿಂದಿಯಾದರೂ ಹೊಲಿಗೆ ಉಳಿಯುತ್ತಿತ್ತು.

ಪರದೆಯ ಹಿಂದೆ ಅವರ ಹೆಂಡತಿ. ನಾನು ಆಕೆಯನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದೆ. ಬಹಳ ದಿನ ನನ್ನ ಪಾಲಿಗೆ ಆಪಾ ಎಂದರೆ ಒಂದು ಧ್ವನಿ, ಬಳೆಯ ಸದ್ದು, ಪರದೆಯ ಕೆಳಗಿಂದ ತಳ್ಳಿದ ಚಹಾದ ಲೋಟ, ಅಷ್ಟೇ. ಆದರೆ ಆ ಧ್ವನಿಗೆ ಸಾಹೇಬರ ಮಾತೊಂದೂ ತಪ್ಪಿಸಿಕೊಳ್ಳುತ್ತಿರಲಿಲ್ಲ. ಇವರು ಇಲ್ಲಿ ಒಂದು ಸುಳ್ಳು ಹೇಳಿದರೆ ಅಲ್ಲಿಂದ ಅದಕ್ಕೆ ಕತ್ತರಿ.

ಆಪಾ ಶ್ರೀರಂಗಪಟ್ಟಣದ ಕಡೆಯ ಹೊಳೆದಂಡೆಯ ಹಳ್ಳಿಯವರು. ತಂದೆ ಹರಿಗೋಲು ಹಾಕುವವರು. ಬಿದಿರಿನ ಗುಂಡು ಬುಟ್ಟಿಗೆ ಚರ್ಮ ಹೊದಿಸಿ ಜನರನ್ನು ಹೊಳೆ ದಾಟಿಸುತ್ತಾರಲ್ಲ, ಅದು. ಹೆಣ್ಣು ನೋಡಲು ಹೋದ ನಮ್ಮ ಸಾಹೇಬರು ಅದೇ ಹರಿಗೋಲಿನಲ್ಲಿ ಕಣ್ಣು ಮುಚ್ಚಿಕೊಂಡು ಹೊಳೆ ದಾಟಿದ್ದರಂತೆ. ಆಚೆ ದಡದಲ್ಲಿ ಕಣ್ಣು ಬಿಟ್ಟಾಗ ಮಾವನಾಗುವವರು, ನಿಮ್ಮ ಕಡೆ ನೀರು ಹೇಗೆ ಎಂದು ಕೇಳಿದರು. ಇವರು ಸುಮ್ಮನಿರಬೇಕೋ ಬೇಡವೋ?

"ನಮ್ಮ ಶಿರಾ ಪಕ್ಕ ಮದಲೂರಲ್ಲಿ ಕೆರೆ ಅದೆ, ಸಮುದ್ರ ಇದ್ದಂಗೆ. ವರ್ಷ ವರ್ಷ ನಿಮ್ಮ ಮಗಳ್ನ ನೀರ್ ಮೇಲೆ ಕೂರುಸ್ತೀನಿ" ಎಂದು ಮಾತು ಕೊಟ್ಟುಬಿಟ್ಟರು.

"ಕರ್ಕೊಂಡೇನೋ ಹೋದ್ರು ಮೇಷ್ಟ್ರೇ" ಎಂದಿತು ಪರದೆ. "ಸಮುದ್ರದ ಮಧ್ಯೆ ಕುರಿ ಮೇಯ್ತಿದ್ವು. ಅಲ್ಲೇ ಕೂತು ಸೌತೇಕಾಯಿ ತಿಂದು ಬಂದ್ವಿ."

"ಆ ವರ್ಷ ಮಳೆ ಕೈ ಕೊಡ್ತು ಕಣೇ."

"ಆ ವರ್ಷ, ಈ ವರ್ಷ, ಹೋದ ವರ್ಷ."

ಸಾಹೇಬರು ಮಿಷನ್ನಿನ ಸದ್ದು ಜೋರು ಮಾಡುವರು.

ಮೀನಿನ ಕತೆಯೂ ಇಷ್ಟೇ. ನಮ್ಮ ಈ ಸೀಮೆಯಲ್ಲಿ ಮೀನು ಹಿಡಿಯುವುದೆಂದರೆ ಕೆರೆ ಬತ್ತಿದ ಮೇಲೆ. ಬೇಸಿಗೆಯಲ್ಲಿ ನೀರು ಮೊಣಕಾಲಿಗೆ ಇಳಿದಾಗ ಊರಿಗೆ ಊರೇ ಬುಟ್ಟಿ, ಪಂಚೆ, ಸೀರೆಸೆರಗು ಹಿಡಿದು ಕೆಸರಿಗೆ ಬೀಳುತ್ತದೆ. ಗಾಳ ಹಾಕಿ ದಡದಲ್ಲಿ ಕೂರುವ ಪದ್ಧತಿಯೇ ಇಲ್ಲ. ಸಾಹೇಬರು ಹಾಗೆ ಹಿಡಿದು ತಂದ ಮೀನನ್ನು ಆಪಾ ಎಷ್ಟು ಸಲ ತೊಳೆದರೂ, "ನಿಮ್ಮೂರ ಮೀನು ಮಣ್ಣು ತಿಂದಂಗಿರ್ತದೆ" ಎನ್ನುವರಂತೆ. ನಾನು ಮೀನು ತಿನ್ನುವವನಲ್ಲ, ಆದ್ದರಿಂದ ಈ ವಿಷಯದಲ್ಲಿ ತೀರ್ಪು ಕೊಡಲಾರೆ.

ಇದೆಲ್ಲ ಗಂಡ ಹೆಂಡಿರ ದಿನನಿತ್ಯದ ಸರಸ ಎಂದುಕೊಂಡಿದ್ದೆ. ಒಂದು ವರ್ಷ ಅದು ಸರಸವಾಗಿ ಉಳಿಯಲಿಲ್ಲ. ಆಪಾನ ಅಣ್ಣ ಊರಿನಿಂದ ಬಂದರು. ದೊಡ್ಡ ಗಡ್ಡದ, ಕಡಿಮೆ ಮಾತಿನ ಮನುಷ್ಯ. ನಲ್ಲಿಯ ಮುಂದೆ ಬಿಂದಿಗೆಗಳ ಸಾಲು ನೋಡಿದರು, ತಂಗಿಯ ಕೈ ನೋಡಿದರು. ಹೋಗುವಾಗ, "ಬಕ್ರೀದ್ ಕಳೆದ ಮೇಲೆ ಬರ್ತೀನಿ, ಅವಳನ್ನ ಕರ್ಕೊಂಡು ಹೋಗ್ತೀನಿ. ಸಾಕು" ಎಂದರು. ಮಕ್ಕಳಿರಲಿಲ್ಲ, ಹಿಡಿದಿಡಲು ಇನ್ನೇನೂ ಇರಲಿಲ್ಲ. ಸಾಹೇಬರು ಪರದೆಯ ಕಡೆ ತಿರುಗಿದರು. ಈ ಸಲ ಅಲ್ಲಿಂದ ಬಂದದ್ದು ಎಂದಿನ ಕತ್ತರಿ ಮಾತಲ್ಲ.

"ಮಾತು ಕೊಟ್ಟಿದ್ರಿ" ಎಂದಿತು ಧ್ವನಿ. "ಬಕ್ರೀದಿನ ಒಳಗೆ ಒಂದು ಸಲ ನೀರ್ ಮೇಲೆ ಕೂರ್ಸಿ. ಇಲ್ದಿದ್ರೆ ಅಣ್ಣನ ಜೊತೆ ಹೋಗ್ತೀನಿ. ನೀವು ಇಲ್ಲೇ ಬಟ್ಟೆ ಹೊಲ್ಕೊಂಡಿರಿ."

ಅವತ್ತು ಸಾಹೇಬರು ಒಬ್ಬ ಗಿರಾಕಿಯ ಅಂಗಿಗೆ ಎರಡೂ ಎಡಗೈ ತೋಳು ಹಚ್ಚಿದರು. ಸಂಜೆ ನನ್ನ ರೂಮಿಗೆ ಬಂದು ಚಾಪೆಯ ಮೇಲೆ ಕುಸಿದು ಕೂತು, "ಅವಳು ಹೇಳಿದ್ಮೇಲೆ ಹೋಗ್ತಾಳೆ ಮೇಷ್ಟ್ರೇ. ಅವಳು ನನ್ನಂಗಲ್ಲ, ಹೇಳಿದ್ದು ಮಾಡ್ತಾಳೆ" ಎಂದರು. ಟೇಪಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದರು. ಅಯ್ಯೋ ಪಾಪ ಅನ್ನಿಸಿತು. ಪಾಪ ಅನ್ನಿಸಿದ್ದೇ ನನಗೆ ಮುಳುವಾಯಿತು. ಮಾರನೇ ದಿನದಿಂದ ನಾನೂ ಆ ಕೆಲಸದಲ್ಲಿ ಪಾಲುದಾರ.

ಕೊರಟಗೆರೆ ಆಚೆ ಕಾಡಿನೊಳಗೆ, ಎರಡು ಗುಡ್ಡಗಳ ಸಂದಿಗೆ ಅಡ್ಡಕಟ್ಟೆ ಹಾಕಿ ಮಹಾರಾಜರ ಕಾಲದಲ್ಲಿ ಕಟ್ಟಿಸಿದ ಸಣ್ಣದೊಂದು ಜಲಾಶಯವಿದೆಯೆಂದೂ ಅದು ಬತ್ತಿದ್ದೇ ಇಲ್ಲವೆಂದೂ ಕಡಲೆಕಾಯಿ ಮಂಡಿಯ ಲಾರಿ ಡ್ರೈವರ್ ಹೇಳಿದ. ನೀರು ಸಿಕ್ಕಿತು. ಅಲ್ಲಿ ದೋಣಿ ಇಲ್ಲವಂತೆ. "ದೋಣಿ ನಾನೇ ಮಾಡ್ತೀನಿ. ಆದ್ರೆ ಅವಳಿಗೆ ಗೊತ್ತಾಗಬಾರ್ದು. ನೋಡಿ ದಂಗಾಗಿ ಹೋಗ್ಬೇಕು" ಎಂದರು ಸಾಹೇಬರು.

ಇಲ್ಲೇ ಎಡವಟ್ಟಾದದ್ದು. ಇಡೀ ಶಿರಾದಲ್ಲಿ ಹರಿಗೋಲು ಮಾಡಲು ಬಲ್ಲ ಒಂದೇ ಒಂದು ಜೀವ ಪರದೆಯ ಆಚೆ ಈರುಳ್ಳಿ ಹೆಚ್ಚುತ್ತಿತ್ತು, ಅದನ್ನೊಂದು ಬಿಟ್ಟು ಇವರು ಎಲ್ಲರನ್ನೂ ಕೇಳಿದರು. ಮೇದರವನು ಜನ್ಮದಲ್ಲಿ ಹರಿಗೋಲು ಕಂಡವನಲ್ಲ. ರಾಗಿ ತುಂಬುವ ಬುಟ್ಟಿಯನ್ನೇ ನಾಲ್ಕು ಪಟ್ಟು ದೊಡ್ಡದಾಗಿ ಹೆಣೆದುಕೊಟ್ಟ. ಚರ್ಮ ಹೊದಿಸಿ ಎಂದರೆ ಸಾಹೇಬರು ಮುಖ ಸಿಂಡರಿಸಿದರು. ಎಲ್ಲಿಂದಲೋ ಹಳೆಯ ಮಿಲಿಟರಿ ಡೇರೆಯ ಬಟ್ಟೆ ತಂದರು. ಬುಟ್ಟಿಯನ್ನು ನನ್ನ ರೂಮಿನಲ್ಲಿ ಬೋರಲು ಹಾಕಿಸಿ, ಟೇಪು ಹಿಡಿದು ಅದರ ಎದೆ, ಸೊಂಟ, ಎತ್ತರ ಅಳೆದರು. ನಾನು ಎರಡು ವಾರ ಅದರ ಕೆಳಗೇ ಮಲಗಿದೆ, ರೂಮಿನಲ್ಲಿ ಬೇರೆ ಜಾಗವಿರಲಿಲ್ಲ.

ಅಂಗಡಿಯಲ್ಲಿ ಮದುವೆ ಶಾಮಿಯಾನ ಹೊಲಿಯುತ್ತಿದ್ದೇನೆ ಎಂದು ಹೆಂಡತಿಗೆ ಹೇಳಿ, ಇವರು ಹರಿಗೋಲಿಗೆ ಅಂಗಿ ಹೊಲಿದರು. ಹನ್ನೆರಡು ಪಟ್ಟಿ ಸೇರಿಸಿ, ಪ್ರತಿ ಪಟ್ಟಿಗೂ ಡಬಲ್ ಹೊಲಿಗೆ, ಮೇಣ ತಿಕ್ಕಿದ ದಾರ. ಅಂಚಿಗೆ ಮಡಿಕೆ. ಒಳಗಡೆ ಎಲೆ ಅಡಿಕೆ ಇಡಲು ಗುಂಡಿ ಸಮೇತ ಒಂದು ಜೇಬು.

ನೀರು ಒಳಗೆ ಬರದ ಹಾಗೆ ಡಾಂಬರು ಬಳಿಯಬೇಕಂತಲ್ಲ ಸಾಹೇಬರೇ ಎಂದು ನಾನು ನೆನಪಿಸಿದೆ. ನಾನು ಹೇಳಲಿಲ್ಲ ಎಂದು ಯಾರೂ ಅನ್ನಬಾರದು.

ಅವರಿಗೆ ಕೋಪವೇ ಬಂತು. "ಡಾಂಬರ್ ಬಳಿದ್ರೆ ಹೊಲಿಗೆ ಎಲ್ಲಿ ಕಾಣ್ತದೆ?"

ತೊಡಿಸಿ ನೋಡಿದರೆ ಬುಟ್ಟಿಗೆ ಆ ಬಟ್ಟೆ ಜೋಲು ಜೋಲು. ನಾನು ಅವರ ಮುಖ ನೋಡಿದೆ. ಅವರು ಬೇರೆ ಕಡೆ ನೋಡಿದರು.

ಹೊರಡುವ ದಿನ ನಾನು, ಬುಟ್ಟಿ, ಬಡಗಿ ಕೈಲಿ ಮಾಡಿಸಿದ, ನೀರು ಎಳೆಯುವ ಹುಟ್ಟು ಮೊದಲು ಲಾರಿಯಲ್ಲಿ ಹೋಗುವುದೆಂದೂ, ಗಂಡ ಹೆಂಡತಿ ಹಿಂದಿನಿಂದ ಬಸ್ಸಿನಲ್ಲಿ ಬರುವುದೆಂದೂ ಏರ್ಪಾಡು. ಮಧುಗಿರಿಯಲ್ಲಿ ಲಾರಿ ನಿಂತಾಗ ಜನ ಮುತ್ತಿಕೊಂಡರು. "ಏನ್ ಸ್ವಾಮಿ, ಕೋಳಿ ಮುಚ್ಚಾಕಾ? ಯಾವ ಸೀಮೆ ಕೋಳಿ ಸಾಕಿದ್ದೀರಿ?" ಎಂದು ಒಬ್ಬ. "ಲೇ, ಒಳಗೆ ಜೇಬೈತೆ ಕಣ್ಲಾ!" ಎಂದು ಇನ್ನೊಬ್ಬ. ನಾನು ಪಾಠ ಹೇಳುವ ಮನುಷ್ಯ, ನನಗೊಂದು ಮರ್ಯಾದೆ ಇತ್ತು. ಅದನ್ನು ಅವತ್ತು ಮಧುಗಿರಿಯಲ್ಲಿ ಇಳಿಸಿಬಂದೆ.

ಕೊರಟಗೆರೆಯಿಂದ ಎತ್ತಿನಗಾಡಿ. ಕಾಡು ಎಂದರೆ ತುಗ್ಗಲಿ, ಹೊಂಗೆ, ಕಮರದ ಮರಗಳು, ಬಂಡೆಗಳ ಮೇಲೆ ಬಂಡೆ. ಗಾಡಿ ಒಂದು ಉಬ್ಬು ಹತ್ತಿ ಇಳಿದಾಗ ನೀರು ಕಂಡಿತು. ಶಿರಾದಿಂದ ಹೋದವನಿಗೆ ಅಷ್ಟು ನೀರು ಒಂದೇ ಕಡೆ, ಯಾರ ಬಿಂದಿಗೆಯೂ ಇಲ್ಲದೆ ಸುಮ್ಮನೆ ನಿಂತಿರುವುದನ್ನು ನೋಡಿ ಗಾಬರಿಯೇ ಆಯಿತು. ಒಂದು ನೀರುಕಾಗೆ ಮುಳುಗಿ ಎದ್ದಿತು. ಕಟ್ಟೆಯ ಕಾವಲಿನವನೊಬ್ಬ ಗುಡಿಸಲಿನಿಂದ ಬಂದು ಬುಟ್ಟಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಇದು ತೇಲ್ತದಾ ಸೋಮಿ?"

"ನೀನು ಹೇಳಪ್ಪ. ನೀರಿನ ಹತ್ತಿರ ಇರೋನು ನೀನು."

"ನಾನು ನೀರ್ ಕಾಯೋನು ಬುದ್ಧಿ. ನೀರಿಗಿಳಿಯೋನಲ್ಲ."

ಗಂಡ ಹೆಂಡತಿ ಬಂದರು. ಸಾಹೇಬರು ಇಸ್ತ್ರಿ ಮಾಡಿದ ಶೇರ್ವಾನಿ ತೊಟ್ಟಿದ್ದರು. ಆಪಾ ಬುರ್ಖಾದಲ್ಲಿ, ಕೈಯಲ್ಲಿ ಬುತ್ತಿ. ದಡದಲ್ಲಿ ನಿಂತು ನೀರನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಮುಖದ ಮೇಲಿನ ಪರದೆಯನ್ನು ಹಿಂದಕ್ಕೆ ಹಾಕಿಕೊಂಡು ಹರಿಗೋಲಿನ ಹತ್ತಿರ ಬಂದರು. ಆಗಲೇ ನಾನು ಆ ಧ್ವನಿಗೆ ಒಂದು ಮುಖವಿರುವುದನ್ನು ನೋಡಿದ್ದು. ಬಾಗಿ, ಹೊಲಿಗೆಯ ಒಂದು ಸಾಲಿನ ಮೇಲೆ ನಿಧಾನವಾಗಿ ಬೆರಳು ಎಳೆದರು.

"ಹೆಂಗದೆ?" ಎಂದರು ಸಾಹೇಬರು.

"ಚೆನ್ನಾಗಿ ಹೊಲಿದಿದ್ದೀರಿ" ಎಂದರು ಆಪಾ.

ಸಾಹೇಬರು ಮೊದಲು ಹತ್ತಿದರು. ಹತ್ತಿದರು ಎನ್ನುವುದಕ್ಕಿಂತ ಕಣ್ಣು ಮುಚ್ಚಿ ಒಳಗೆ ಬಿದ್ದರು. ಈಜು ಬಾರದವರು, ನೀರೆಂದರೆ ಹೆದರಿ ಸಾಯುವವರು. ಅಂಚನ್ನು ಒಂದು ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ಇನ್ನೊಂದು ಕೈಯನ್ನು ಹೆಂಡತಿಯ ಕಡೆ ಚಾಚಿದರು. ಆಪಾ ಆ ಕೈ ಹಿಡಿದು ಹಗುರವಾಗಿ ಒಳಗೆ ಬಂದು ಕೂತರು. ಕೊನೆಗೆ ನಾನು. ಯಾಕೆ ಹತ್ತಿದೆ ಎಂದು ಕೇಳಬೇಡಿ.

ತೇಲಿತು! ಸಾಹೇಬರು ಹುಟ್ಟಿನಿಂದ ನಾಲ್ಕು ಸಲ ನೀರು ತಳ್ಳಿ, ಖುಷಿಗೆ ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಜೇಬಿನಿಂದ ಗಾಳ ತೆಗೆದರು. ಹೊಲಿಯುವ ಸೂಜಿಯನ್ನು ಕಾಯಿಸಿ ಬಗ್ಗಿಸಿ, ಗುಂಡಿಯ ಕಾಜಾ ಹೊಲಿಯುವ ದಾರ ಕಟ್ಟಿ, ತುದಿಗೆ ಮುದ್ದೆಯ ಉಂಡೆ ಸಿಕ್ಕಿಸಿದ ಗಾಳ. ಗಾಳಿಯಲ್ಲಿ ಬೀಸಿ ಒಗೆದರು. ಅದು ನೇರ ನನ್ನ ಅಂಗಿಗೆ ಬಂದು ಕಚ್ಚಿಕೊಂಡಿತು. "ಅಲ್ಲಾಡ್ಬೇಡಿ ಮೇಷ್ಟ್ರೇ, ಹರಿದೋಗ್ತದೆ" ಎಂದು ನನ್ನ ಮೇಲೆಯೇ ರೇಗಿದರು. ಆ ಗಾಳವನ್ನು ಬಿಡಿಸಿಕೊಳ್ಳುವಾಗಲೇ ನನ್ನ ಕಾಲಿಗೆ ತಣ್ಣಗೆ ತಗುಲಿತು.

ನೋಡಿದರೆ ಹೊಲಿಗೆಯ ಗುಂಟ ನೀರಿನ ಹನಿ. ಒಂದೊಂದು ಸೂಜಿತೂತಿಗೂ ಒಂದೊಂದು ಹನಿ, ಡಬಲ್ ಹೊಲಿಗೆಯಲ್ಲವೇ, ಎರಡು ಸಾಲು. ಹನ್ನೆರಡು ಪಟ್ಟಿಯಲ್ಲೂ ಹಾಗೇ, ಎಲ್ಲೂ ತಪ್ಪದೆ ಅಚ್ಚುಕಟ್ಟಾಗಿ.

"ಸಾಹೇಬರೇ, ನೀರು!"

"ನೀರಲ್ಲ ಅದು, ಬೆವರು. ಹೊಸ ಬಟ್ಟೆ ಮೊದ್ಲು ಬೆವರ್ತದೆ."

"ಪಾದ ಮುಳುಗಿತು ಸಾಹೇಬರೇ!"

"ಒಂದು ವಾಶ್ ಆಗ್ಲಿ ಬುಡಿ, ಬಟ್ಟೆ ಕೂಡಿಕೊಳ್ತದೆ, ತೂತು ಮುಚ್ಕೊಳ್ತದೆ."

ಹೇಳುತ್ತಿದ್ದರೇ ಹೊರತು ಮುಖ ಸುಣ್ಣದಂತಾಗಿತ್ತು. ಜೋಲುಬಟ್ಟೆ ಬೇರೆ ಕೆಳಗಡೆ ನೀರು ತುಂಬಿಕೊಂಡು ಚೀಲದಂತೆ ಇಳಿಬಿತ್ತು. ನಾನು ನನ್ನ ಚಪ್ಪಲಿಯಿಂದ ನೀರು ತೋಡತೊಡಗಿದೆ. ಆಗ ಆಪಾ ಗಂಡನ ಕಂಕುಳಿಂದ ಹುಟ್ಟು ತೆಗೆದುಕೊಂಡರು. ಮೊಣಕಾಲೂರಿ ಕೂತು, ನೀರಿಗೆ ಒಂದು ಎಳೆತ ಎಳೆದರು ನೋಡಿ, ಹರಿಗೋಲು ಗಿರ್ರೆಂದು ತಿರುಗಿತು. ಇನ್ನೊಂದು ಎಳೆತ. ಗುಡ್ಡ, ಕಟ್ಟೆ, ಕಾವಲಿನವನು, ಎತ್ತು, ಮತ್ತೆ ಗುಡ್ಡ. ಹೊಳೆದಂಡೆಯ ಮಕ್ಕಳು ಆಡುವ ಆಟವಂತೆ ಅದು. ಸಾಹೇಬರು ಗೊತ್ತಿದ್ದ ದುವಾಗಳನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ನಾನು ನನಗೆ ಗೊತ್ತಿದ್ದ ದೇವರುಗಳನ್ನೆಲ್ಲ ಕರೆದೆ. ನಮ್ಮಿಬ್ಬರ ನಡುವೆ ಆಪಾ ನಗುತ್ತಿದ್ದರು. ಹಾಗೆ ಬಾಯಿ ತುಂಬ ಯಾರಾದರೂ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ಹೆದರಿಕೆಯ ಮಧ್ಯೆಯೂ ನನಗೆ ಸಂತೋಷವಾಯಿತು ಎಂದರೆ ನೀವು ನಂಬಬೇಕು.

ತಿರುಗಿಸುತ್ತಲೇ ಆಕೆ ಅದನ್ನು ದಡದ ಕಡೆ ತಂದಿದ್ದರು. ಅದು ನಮಗೆ ತಿಳಿಯಲಿಲ್ಲ. ಹರಿಗೋಲು ಒಂದು ನಿಟ್ಟುಸಿರು ಬಿಟ್ಟು ಕುಳಿತುಬಿಟ್ಟಿತು. ಸಾಹೇಬರ ಕುತ್ತಿಗೆಯವರೆಗೆ ನೀರು ಬಂತು.

"ಮೇಷ್ಟ್ರೇ, ಮಿಷನ್ ಅವಳಿಗೇ ಕೊಡ್ಬುಡಿ!" ಎಂದು ಕೂಗಿದರು.

"ಎದ್ದು ನಿಲ್ರಿ" ಎಂದರು ಆಪಾ.

ಎದ್ದು ನಿಂತರು. ನೀರು ಸೊಂಟದವರೆಗಿತ್ತು.

ಕಾವಲಿನವನು, ನಾನು ಸೇರಿ ಹರಿಗೋಲನ್ನು ದಡಕ್ಕೆ ಎಳೆದುಹಾಕಿದೆವು. ಒಳಗಿನ ಜೇಬಿನಲ್ಲಿ ಏನೋ ಪಟಪಟ ಎಂದಿತು. ಗುಂಡಿ ಬಿಚ್ಚಿದರೆ ಬೆರಳುದ್ದದ ಒಂದು ಮೀನು. ಬೇರೆ ದಿನವಾಗಿದ್ದರೆ ಸಾಹೇಬರು ಆ ಮೀನನ್ನು ಟೇಪು ಹಿಡಿದು ಅಳೆದು, ಶಿರಾ ತಲುಪುವಷ್ಟರಲ್ಲಿ ಮೊಸಳೆ ಮಾಡುತ್ತಿದ್ದರು. ಅವತ್ತು ಅದನ್ನು ನೋಡಲೂ ಇಲ್ಲ. ಒದ್ದೆ ಶೇರ್ವಾನಿಯಲ್ಲಿ ಒಂದು ಬಂಡೆಯ ಮೇಲೆ ಕೂತಿದ್ದರು. ಮೀನನ್ನು ನಾನೇ ನೀರಿಗೆ ಬಿಟ್ಟೆ.

"ಆಯ್ತು" ಎಂದರು ಕೊನೆಗೆ, ನೆಲ ನೋಡುತ್ತ. "ನಿಮ್ಮಣ್ಣ ಬರ್ಲಿ. ಹೋಗು. ನನ್ನ ಕೈಲಿ ಆಗೋದು ಇಷ್ಟೇ."

ಅಷ್ಟು ವಾಚಾಳಿ ಮನುಷ್ಯ ಅಷ್ಟು ಚಿಕ್ಕದಾಗಿ ಮಾತಾಡಿದ್ದು ಕೇಳಿ ನನಗೆ ತಡೆಯಲಾಗಲಿಲ್ಲ, ಕಾವಲಿನವನ ಕಡೆ ತಿರುಗಿ ನಿಂತೆ. ಆಪಾ ಬುರ್ಖಾದ ಅಂಚು ಹಿಂಡುತ್ತಿದ್ದರು. ಹಿಂಡುವುದನ್ನು ನಿಲ್ಲಿಸದೆಯೇ ಹೇಳಿದರು:

"ಮುಂದಿನ ವರ್ಷ ಬಟ್ಟೆ ಸ್ವಲ್ಪ ಬಿಗಿಯಾಗಿ ಹೊಲೀರಿ."

ಮುಂದಿನ ವರ್ಷ! ಸಾಹೇಬರಿಗೆ ಅದು ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಹೋದ ಮೇಲೆ ಬಂಡೆಯಿಂದ ಎದ್ದವರು ನನ್ನನ್ನು ತಬ್ಬಿಕೊಂಡರು, ಕಾವಲಿನವನನ್ನು ತಬ್ಬಿಕೊಂಡರು, ಎತ್ತನ್ನೂ ಬಿಡುತ್ತಿರಲಿಲ್ಲ. ದಡದಲ್ಲೇ ಇಟ್ಟಿದ್ದ ಬುತ್ತಿಯ ಬಿರಿಯಾನಿಯನ್ನು ಕಾವಲಿನವನೂ ಗಾಡಿಯವನೂ ತಿಂದರು, ನನಗೆಂದು ಬೇರೆ ಕಟ್ಟಿದ್ದ ಚಿತ್ರಾನ್ನವನ್ನು ಸಾಹೇಬರೇ ಮುಗಿಸಿದರು. ಬಕ್ರೀದ್ ಕಳೆದು ಅಣ್ಣ ಬಂದವರು ಎರಡು ಜೊತೆ ಹೊಸ ಬಟ್ಟೆ ಹೊಲಿಸಿಕೊಂಡು ಒಬ್ಬರೇ ಹಿಂದಿರುಗಿದರು. ಆ ಬಟ್ಟೆಯೂ ದೊಗಳೆ.

ಆಮೇಲೆ ಪ್ರತಿವರ್ಷ ಅವರಿಬ್ಬರೂ ಆ ಕಾಡಿನ ನೀರಿಗೆ ಹೋಗುತ್ತಿದ್ದರು. ನಾನು ಮಧುಗಿರಿಗೆ ವರ್ಗವಾಗುವವರೆಗೆ ಎರಡು ಸಲ ನನ್ನನ್ನೂ ಎಳೆದುಕೊಂಡು ಹೋದರು. ಒಂದು ಸಲ ಬಟ್ಟೆ ಬಿಗಿಯಾಗಿ ಬುಟ್ಟಿಯೇ ಸೊಟ್ಟಗಾಯಿತು. ಇನ್ನೊಂದು ಸಲ ಹೊಲಿಗೆಯ ಮೇಲೆ ಹೊಲಿಗೆ ಹಾಕಿ ತ್ರಿಬಲ್ ಮಾಡಿದ್ದರು, ಫಲ ನೀವೇ ಊಹಿಸಿ. ಡಾಂಬರು ಮಾತ್ರ ಯಾವತ್ತೂ ಬಳಿಯಲಿಲ್ಲ. ಆಪಾ ಬಳಿಯಿರಿ ಎಂದು ಹೇಳಲೂ ಇಲ್ಲ. ಅದೇಕೆಂದು ನನಗೆ ತಿಳಿಯುತ್ತಿರಲಿಲ್ಲ.

ಸುದ್ದಿ ತಿಳಿದ ವಾರವೇ ಶಿರಾಕ್ಕೆ ಹೋದೆ. ಮಿಷನ್ನಿನ ಮೇಲೆ ಒಂದು ಬಟ್ಟೆ ಹೊದಿಸಿತ್ತು. ಗಂಡ ತೀರಿಕೊಂಡ ಮೇಲಿನ ಕಟ್ಟುಪಾಡಿನ ತಿಂಗಳುಗಳು, ಆಪಾ ಹೊರಗೆ ಬರುವಂತಿರಲಿಲ್ಲ. ಪರದೆಯ ಹಿಂದಿನಿಂದಲೇ ಮಾತಾಡಿದರು. ಬಳೆಯ ಸದ್ದಿರಲಿಲ್ಲ. ಏನು ಮಾತಾಡಬೇಕೆಂದು ತೋಚದೆ, ಇಷ್ಟು ವರ್ಷ ಬಾಯಲ್ಲಿದ್ದುದನ್ನು ಕೇಳಿಬಿಟ್ಟೆ.

"ಆಪಾ, ಆ ಮೊದಲನೇ ಸಲ ಹೊಲಿಗೆ ಮೇಲೆ ಬೆರಳು ಎಳೆದಿರಲ್ಲ. ಮುಳುಗ್ತದೆ ಅಂತ ನಿಮಗೆ ಗೊತ್ತಾಗಲಿಲ್ವಾ?"

"ಗೊತ್ತಾಗ್ದೆ ಏನು ಮೇಷ್ಟ್ರೇ? ನಾನು ಯಾರ ಮಗಳು?"

"ಮತ್ತೆ ಯಾಕೆ ಹತ್ತಿದಿರಿ?"

"ನೀರಂದ್ರೆ ಹೆದರಿ ಸಾಯೋ ಮನುಷ್ಯ. ಮೊದ್ಲು ತಾವೇ ಹತ್ತಿ ಕೂತ್ಕೊಂಡು, ನಡುಗ್ತಾ ನಡುಗ್ತಾ ನನ್ನ ಕಡೆ ಕೈ ಚಾಚ್ತಾವ್ರೆ. ಹತ್ತದೆ ಇರಾಕಾಯ್ತದಾ?"

ಬೀದಿಯಲ್ಲಿ ಯಾರೋ ಬಂದು, ಹೊಲಿಯಲು ಕೊಟ್ಟಿದ್ದ ಪೈಜಾಮ ಕೇಳಿ, ವಿಷಯ ತಿಳಿದು ತಲೆ ತಗ್ಗಿಸಿ ಹೋದರು.

"ಅಣ್ಣ ಬಂದಿದ್ದ" ಎಂದರು ಆಪಾ. "ಇನ್ನಾದ್ರೂ ಬಾ, ಹೊಳೆ ಬಾಗಿಲಲ್ಲೇ ಅದೆ, ದಿನಾ ನೀರ್ ಮೇಲೆ ಕೂತ್ಕೊಬೋದು ಅಂದ."

"ಹೋಗ್ತೀರಾ ಆಪಾ?"

"ಅಲ್ಲಿಗೋಗಿ ಏನ್ ಮಾಡ್ಲಿ ಮೇಷ್ಟ್ರೇ? ಅಲ್ಲಿ ಎಲ್ಲರ ಹರಿಗೋಲೂ ತೇಲ್ತದೆ."